ಕಲ್ಲಟ್ಟಿ ಏರಿನಲ್ಲಿ ಕೆಮ್ಮುತ್ತಿದ್ದ ಕಾರು

ಫ್ಯೂಯಲ್ ಪಂಪ್ ಕೆಟ್ಟಿದೆ ಎಂದು ಹೇಳುವುದಕ್ಕೆ ಯಾವ ವಿದ್ಯೆಯೂ ಬೇಕಾಗಿಲ್ಲ. ಕಾರು ಏರಿನಲ್ಲಿ ಎಳೆಯುತ್ತಿಲ್ಲ ಎಂದು ಯಾರಾದರೂ ಬಂದು ನಿಂತರೆ ಬಾನೆಟ್ ಎತ್ತಿ, ಒಂದು ನಿಮಿಷ ಹುಬ್ಬು ಗಂಟಿಕ್ಕಿ, ‘ಪಂಪ್ ಹೋಗಿದೆ’ ಎಂದರೆ ಸಾಕು. ಕೆಲವೊಮ್ಮೆ ನಿಜವೂ ಆಗಿರುತ್ತದೆ. ಆಗದಿದ್ದಾಗ, ಹಾಕಿದ ಹೊಸ ಪಂಪೇ ಡ್ಯೂಪ್ಲಿಕೇಟ್ ಎಂದು ಹೇಳಿ ಇನ್ನೊಂದು ಹಾಕಬಹುದು. ಊಟಿಯಲ್ಲಿ ನಾನು ಕಂಡ ಮೆಕ್ಯಾನಿಕ್‌ಗಳಲ್ಲಿ ಬಹುಪಾಲು ಜನ ಹೀಗೆಯೇ ಬದುಕಿದರು. ನಾನೂ ಒಮ್ಮೆ ಅವರ ಸಾಲಿನಲ್ಲೇ ನಿಂತೆ. ಅದನ್ನು ಬರೆದಿಡಬೇಕೆಂದೇ ಈಗ ಕೂತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಓದಿದರೆ ಓದಲಿ. ಓದದಿದ್ದರೂ ಅವರು ಕಾರು ಕೆಡಿಸುವುದನ್ನು ನಿಲ್ಲಿಸುವುದಿಲ್ಲ ಎಂದು ನನಗೆ ಗೊತ್ತು.

ಫ್ಯೂಯಲ್ ಪಂಪ್ ಎಂದರೆ ಬಂಕಿನಲ್ಲಿ ನಿಂತಿರುತ್ತದಲ್ಲ, ಅದಲ್ಲ. ಕಾರಿನ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿ ಕೂತಿರುವ, ಅಂಗೈಯಷ್ಟು ಉದ್ದದ ಒಂದು ಮೋಟರು. ಅದು ಪೆಟ್ರೋಲನ್ನು ಒತ್ತಿ ಇಂಜಿನ್ನಿಗೆ ಕಳಿಸುತ್ತದೆ. ಒತ್ತಡ ಸಾಲದಿದ್ದರೆ ಇಂಜಿನ್ ಕೆಮ್ಮುತ್ತದೆ, ಪೂರ್ತಿ ಇಲ್ಲವಾದರೆ ನಿಲ್ಲುತ್ತದೆ. ಇಷ್ಟೇ ಸಂಗತಿ. ಇದರ ಸುತ್ತ ಹುಟ್ಟಿಕೊಂಡ ಸುಳ್ಳುಗಳನ್ನೆಲ್ಲ ಕೂಡಿಸಿದರೆ ಒಂದು ಲಾರಿ ಸಾಲದು.

ನಮ್ಮದು ಊಟಿ ಹತ್ತಿರದ ತುಮ್ಮನಟ್ಟಿಯ, ಲಿಂಗ ಕಟ್ಟುವ ಬಡಗರ ಮನೆ. ಕೆಲಸ ಕಲಿತದ್ದು ಮೈಸೂರಿನ ಗ್ಯಾರೇಜುಗಳಲ್ಲಿ. ಈ ಅಚ್ಚಿನ ಕನ್ನಡವೂ ಅಲ್ಲಿಂದಲೇ ಬಂದದ್ದು. ಊಟಿಗೆ ಮರಳಿದ ಮೇಲೆ ಗಿರಾಕಿಗಳ ಜೊತೆ ನಾನು ಆಡಿದ್ದೆಲ್ಲ ಬಡಗ ಮಾತು, ನಡುನಡುವೆ ತಮಿಳು. ಓದುವವರಿಗೆ ಅರ್ಥವಾಗಲೆಂದು ಮಾತುಗಳನ್ನು ಇಲ್ಲಿ ಕೊಂಚ ತಿದ್ದಿ ಬರೆದಿದ್ದೇನೆ. ‘ನೀವು’ ಎನ್ನುವ ಕಡೆ ನಮ್ಮ ಜನ ‘ನಿಂಗ’ ಎನ್ನುತ್ತಾರೆ. ಅದೊಂದನ್ನು ಹಾಗೆಯೇ ಬಿಟ್ಟಿದ್ದೇನೆ.

ಊಟಿಯಲ್ಲಿ ನನ್ನ ಮೊದಲ ಮೇಲಧಿಕಾರಿ ಅರುಳ್‌ದಾಸ್ ಎಂಬ ಫೋರ್‌ಮನ್. ಆಗಿನ್ನೂ ಕಾರ್ಬುರೇಟರ್ ಕಾಲ. ಪಂಪು ಇಂಜಿನ್ ಪಕ್ಕದಲ್ಲೇ ಇರುತ್ತಿತ್ತು. ಕಲ್ಲಟ್ಟಿ ಘಾಟಿ ಹತ್ತುವಾಗ ಇಂಜಿನ್ ಕಾವಿಗೆ ಪಂಪಿನೊಳಗಿನ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಡ್ರೈವರುಗಳು ಗೋಣಿಚೀಲದ ತುಂಡು ನೆನೆಸಿ ಪಂಪಿಗೆ ಸುತ್ತಿ, ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಕಾದು, ಮತ್ತೆ ಹೊರಡುತ್ತಿದ್ದರು. ಅದು ಸರಿಯಾದ ಉಪಾಯವೇ. ಆದರೆ ಅರುಳ್‌ದಾಸರು ಅದನ್ನೊಂದು ಶಾಸ್ತ್ರ ಮಾಡಿಬಿಟ್ಟರು. ಯಾವ ಗಾಡಿ ಯಾವ ಕಾರಣಕ್ಕೆ ನಿಂತರೂ ‘ತುಣಿ ಪೋಡು’, ಬಟ್ಟೆ ಹಾಕು ಎನ್ನುವರು. ಜನವರಿಯಲ್ಲಿ ಹುಲ್ಲಿನ ಮೇಲೆ ಮಂಜು ಬಿಳಿಯಾಗಿ ಹೆಪ್ಪುಗಟ್ಟಿದ ಬೆಳಿಗ್ಗೆ ಸ್ಟಾರ್ಟ್ ಆಗದ ಜೀಪಿಗೂ ಒದ್ದೆ ಗೋಣಿ ಸುತ್ತಿಸಿದರು. ಆ ಜೀಪಿನ ಟ್ಯಾಂಕಿನಲ್ಲಿ ಪೆಟ್ರೋಲೇ ಇರಲಿಲ್ಲ.

ಆಮೇಲೆ ಇಂಜೆಕ್ಟರ್ ಗಾಡಿಗಳು ಬಂದವು, ಪಂಪು ಟ್ಯಾಂಕಿನೊಳಗೆ ಸೇರಿತು, ಗೋಣಿಚೀಲದ ವಿದ್ವಾಂಸರೆಲ್ಲ ಬೆಪ್ಪಾದರು. ಅವರ ಜಾಗಕ್ಕೆ ಕಂಪ್ಯೂಟರ್ ವಿದ್ವಾಂಸರು ಬಂದರು. ನಾನು ಕೆಲವು ವರ್ಷ ಒಂದು ದೊಡ್ಡ ಸರ್ವಿಸ್ ಸೆಂಟರಿನಲ್ಲಿದ್ದೆ. ಅಲ್ಲಿ ನನಗೆ ಏನೇನು ಬಡ್ತಿ ಕೊಟ್ಟರು ಎಂಬುದು ಯಾರಿಗೂ ಬೇಕಾಗಿಲ್ಲ. ಅಲ್ಲಿಯ ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿಯವನು; ಉಗುರಿನಲ್ಲಿ ಒಂದು ದಿನವೂ ಕರಿ ಕಂಡವನಲ್ಲ. ಕಂಪ್ಯೂಟರ್ ಜೋಡಿಸಿದರೆ ಪರದೆಯ ಮೇಲೆ ಒಂದು ಕೋಡ್ ಬರುತ್ತದೆ. ಕೋಡ್ ‘ಪಂಪಿನ ಸರ್ಕ್ಯೂಟ್’ ಎಂದರೆ ಅವನು ‘ಪಂಪ್ ಬದಲಿಸಿ’ ಎನ್ನುತ್ತಿದ್ದ. ಸರ್ಕ್ಯೂಟ್ ಎಂದರೆ ತಂತಿ, ಫ್ಯೂಸ್, ರಿಲೇ ಎಲ್ಲವೂ ಸೇರಿದ್ದು ಎಂದು ನಾನು ಒಮ್ಮೆ ಹೇಳಿದೆ. ‘ನೀವು ಹಳೇ ಕಾಲದವರು’ ಎಂದ. ಮೂರು ದಿನದ ಮೇಲೆ, ಹೊಸ ಪಂಪ್ ಹಾಕಿಸಿಕೊಂಡು ಹೋದ ಅದೇ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಹಿಂದಿನ ಸೀಟಿನಡಿ ಇಲಿ ಗೂಡು ಕಟ್ಟಿತ್ತು. ತಂತಿಯನ್ನು ಅಚ್ಚುಕಟ್ಟಾಗಿ ಕಡಿದಿತ್ತು. ಆ ಸೆಂಟರಿನಲ್ಲಿ ತನ್ನ ಕೆಲಸ ಸರಿಯಾಗಿ ಮಾಡಿದ್ದು ಆ ಇಲಿ ಒಂದೇ ಎಂದು ಎಲ್ಲರೆದುರು ಅಂದೆ. ಅಲ್ಲಿಗೆ ನನ್ನ ನೌಕರಿ ಮುಗಿಯಿತು. ಊಟಿಯಲ್ಲೇ ಫಿಂಗರ್‌ಪೋಸ್ಟ್ ಹತ್ತಿರ ಸ್ವಂತ ಶೆಡ್ ಹಾಕಿದೆ.

ಇನ್ನೊಬ್ಬರನ್ನು ನೋಡಿ ನಗುವುದರಲ್ಲಿ ನನಗೆ ಅಂದಿನಿಂದಲೂ ಬಲು ಸುಖ. ಆ ಸುಖವೇ ನನ್ನನ್ನು ಕೆಡಿಸಿತು.

ವಯಸ್ಸಾಗಿ ಈ ಕಸುಬನ್ನೇ ಬಿಡುವುದಕ್ಕೆ ಸ್ವಲ್ಪ ಮೊದಲು ನನ್ನ ಶೆಡ್ಡಿಗೆ ಪ್ರಕಾಶ್ ಬಂದ. ಕೆತ್ತಿಯವನು, ಕ್ಯಾರೆಟ್, ಬೀಟ್‌ರೂಟ್ ಬೆಳೆದು ಮೇಟುಪಾಳ್ಯದ ಮಂಡಿಗೆ ಕಳಿಸುವ ಮನೆಯವನು. ಅವನ ವಯಸ್ಸು ಮೂವತ್ತೈದು ದಾಟಿದ್ದರೂ ಕಾರು ಮಾತ್ರ ಹದಿನೆಂಟರ ಹುಡುಗನದು. ಕಂಪನಿಯಿಂದ ಬಂದಾಗ ಅದೊಂದು ಒಳ್ಳೆಯ ಸೆಡಾನ್ ಆಗಿತ್ತು. ಇವನು ಅದಕ್ಕೆ ದೊಡ್ಡ ಟರ್ಬೊ ಹಾಕಿಸಿದ, ದೊಡ್ಡ ಇಂಜೆಕ್ಟರ್ ಹಾಕಿಸಿದ, ಸೈಲೆನ್ಸರ್ ಇದ್ದ ಜಾಗಕ್ಕೆ ಒಂದು ಕೊಳವೆ ಹಾಕಿಸಿದ. ಅದು ಸ್ಟಾರ್ಟ್ ಆದರೆ ಕೆತ್ತಿ ಕಣಿವೆಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ನಾಲ್ಕನೇ ಗೇರ್ ಹಾಕಬೇಕಾದರೆ ಜಾಗ ಹುಡುಕಬೇಕಾದ ಈ ಬೆಟ್ಟದಲ್ಲಿ ಇಷ್ಟೆಲ್ಲ ಯಾಕೆ ಎಂದು ಕೇಳಬಾರದು. ಕೇಳಿದರೆ ಅವನು ಮೊಬೈಲ್ ತೆಗೆದು ವಿಡಿಯೋ ತೋರಿಸುತ್ತಿದ್ದ.

‘ಮಾಲಿಂಗಣ್ಣ, ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದ್ರೆ ಕೆಮ್ಮುತ್ತೆ. ಕೊಯಮತ್ತೂರಲ್ಲಿ ಲ್ಯಾಪ್‌ಟಾಪ್ ಹಾಕಿ ನೋಡಿದ್ರು. ಪಂಪ್ ಸಾಲದು ಅಂದ್ರು. ದೊಡ್ಡದು ಹಾಕಿದ್ರು.’

‘ಹೋಯ್ತಾ ಕೆಮ್ಮು?’

‘ಇಲ್ಲ. ಗೂಡಲೂರಲ್ಲಿ ಒಬ್ಬ ಮಲಯಾಳಿ ಚೇಟ ಇನ್ನೂ ದೊಡ್ಡದು ಹಾಕಿದ. ಕೆಮ್ಮು ಜಾಸ್ತಿ ಆಯ್ತು.’

ನಾನು ಕೊಯಮತ್ತೂರಿನವನನ್ನೂ ಗೂಡಲೂರಿನವನನ್ನೂ ಮನಸಾರೆ ಬೈದೆ. ಲ್ಯಾಪ್‌ಟಾಪ್ ಇದ್ದವನೆಲ್ಲ ಇಂಜಿನಿಯರ್ ಆಗುವುದಾದರೆ ಬ್ಯಾಂಕಿನ ಗುಮಾಸ್ತನೂ ಇಂಜಿನಿಯರೇ ಎಂದೆ. ಆಮೇಲೆ ಟ್ಯಾಂಕಿನ ಮುಚ್ಚಳಕ್ಕೆ ಕಿವಿ ಕೊಟ್ಟೆ. ಪಂಪು ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು. ಒತ್ತಡ ನೋಡುವ ಗೇಜ್ ನನ್ನ ಗೋಡೆಗೇ ನೇತುಬಿದ್ದಿತ್ತು. ಎದ್ದು ಕೈಚಾಚಿದರೆ ಸಿಗುತ್ತಿತ್ತು. ನಾನು ಏಳಲಿಲ್ಲ.

‘ಇದು ಚೈನಾ ಮಾಲು. ಒಳ್ಳೆ ಪಂಪ್ ನಾನು ತರಿಸ್ತೀನಿ’ ಎಂದೆ.

ಕಂಪನಿಯದನ್ನು ಬಿಟ್ಟರೆ ಆ ಕಾರಿಗೆ ಹಾಕಿದ ಮೂರನೆಯ ಪಂಪ್ ನನ್ನದು, ಮೂರರಲ್ಲಿ ಎಲ್ಲಕ್ಕಿಂತ ದಪ್ಪನೆಯದು. ಅದು ತನ್ನ ಜಾಗದಲ್ಲಿ ಕೂರಲೇ ಇಲ್ಲ. ಟ್ಯಾಂಕಿನ ತಳದಲ್ಲಿ ಪ್ಲಾಸ್ಟಿಕ್ಕಿನ ಒಂದು ಬಟ್ಟಲಿರುತ್ತದೆ. ಪಂಪು ಕೂರುವುದು ಅದರೊಳಗೆ. ಕಾರು ತಿರುವಿನಲ್ಲಿ ವಾಲಿದಾಗ ಟ್ಯಾಂಕಿನ ಪೆಟ್ರೋಲೆಲ್ಲ ಒಂದು ಮೂಲೆಗೆ ಓಡುತ್ತದೆ. ಆಗಲೂ ಪಂಪಿನ ಬಾಯಿ ಮುಳುಗಿರಲೆಂದು ಆ ಬಟ್ಟಲು ಒಂದಿಷ್ಟು ಪೆಟ್ರೋಲನ್ನು ಹಿಡಿದಿಟ್ಟುಕೊಳ್ಳುತ್ತದೆ. ನನಗೆ ಇದು ಗೊತ್ತಿತ್ತು. ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ ಕೂಡ. ಆದರೂ ಬ್ಲೇಡ್ ಕಾಯಿಸಿ ಬಟ್ಟಲಿನ ಒಂದು ಪಕ್ಕವನ್ನು ಮೇಲಿನಿಂದ ತಳದವರೆಗೆ ಕತ್ತರಿಸಿ ತೆಗೆದೆ. ಪಂಪು ಕೂತಿತು. ಟ್ಯಾಂಕ್ ತುಂಬಿಸಿ ಊಟಿ ಕೆರೆಯ ಸುತ್ತ ಒಂದು ರೌಂಡ್ ಓಡಿಸಿ ಕೀ ಕೊಟ್ಟೆ. ಕೆರೆಯ ಸುತ್ತ ಏರೂ ಇಲ್ಲ, ಹೇಳಿಕೊಳ್ಳುವ ತಿರುವೂ ಇಲ್ಲ.

ಒಂದು ತಿಂಗಳ ಮೇಲೆ ಪ್ರಕಾಶ್, ಅವನ ಹೆಂಡತಿ ಕೌಸಲ್ಯ ಮತ್ತು ಅವನ ತಾಯಿ ಮಸಿನಗುಡಿಯ ಹತ್ತಿರ ನೆಂಟರ ಗೃಹಪ್ರವೇಶಕ್ಕೆ ಹೋಗಿ, ಮಧ್ಯಾಹ್ನ ಕಲ್ಲಟ್ಟಿ ಹತ್ತಿ ವಾಪಸ್ ಬರುತ್ತಿದ್ದರು. ಮೂವತ್ತಾರು ಹೇರ್‌ಪಿನ್ ತಿರುವುಗಳ ದಾರಿ. ಟ್ಯಾಂಕಿನಲ್ಲಿ ಕಾಲು ಭಾಗವೂ ಪೆಟ್ರೋಲ್ ಇರಲಿಲ್ಲ. ಒಂದು ತಿರುವಿನ ನಟ್ಟನಡುವೆ ಇಂಜಿನ್ ನಿಂತುಹೋಯಿತು. ಇಂಜಿನ್ ನಿಂತರೆ ಸ್ಟಿಯರಿಂಗ್ ಕಲ್ಲಾಗುತ್ತದೆ. ಎರಡು ಸಲ ತುಳಿಯುವಷ್ಟರಲ್ಲಿ ಬ್ರೇಕೂ ಕಲ್ಲಾಗುತ್ತದೆ. ಕಾರು ಹಿಂದಕ್ಕೆ ಜಾರತೊಡಗಿತು. ಹಿಂದೆ ಹುಲ್ಲು ತುಂಬಿದ ಒಂದು ಪಿಕಪ್, ಆಚೆ ಕಣಿವೆ. ಪ್ರಕಾಶ್ ಸ್ಟಿಯರಿಂಗ್ ಜೊತೆ ಗುದ್ದಾಡುತ್ತಿದ್ದಾಗ ಕೌಸಲ್ಯ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಹಿಡಿದು ಎಳೆದರು. ಕಾರು ಅಡ್ಡ ತಿರುಗಿ ಬೆಟ್ಟದ ಕಡೆಯ ದರೆಗೆ ಗುದ್ದಿ ನಿಂತಿತು. ಆ ಗುದ್ದಿಗೆ ಲಿವರ್ ಮೇಲಿದ್ದ ಅವರ ಬಲಗೈ ತಿರುಚಿ ಮಣಿಕಟ್ಟು ಮುರಿಯಿತು. ಉಳಿದವರಿಗೆ ಏನೂ ಆಗಲಿಲ್ಲ.

ನಾಲ್ಕು ದಿನ ಬಿಟ್ಟು ಆ ಕಾರನ್ನು ನನ್ನ ಶೆಡ್ಡಿಗೆ ಎಳೆದು ತಂದರು. ಗಂಡನ ಜೊತೆ ಕೌಸಲ್ಯರೂ ಬಂದಿದ್ದರು. ಕೈಗೆ ಬಿಳಿ ಕಟ್ಟು, ಕೊರಳಿಗೆ ಪಟ್ಟಿ. ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ಟೀಚರ್ ಎಂದು ನನಗೆ ಆವತ್ತೇ ಗೊತ್ತಾದದ್ದು.

‘ಮಾಲಿಂಗಣ್ಣ, ಪಂಪ್ ಮತ್ತೆ ಹೋಯ್ತು ಅಂತ ಇವರು ಹೇಳ್ತಾರೆ. ನಿಂಗ ಏನು ಹೇಳ್ತೀರಿ?’

‘ಡ್ಯೂಪ್ಲಿಕೇಟ್ ಮಾಲು ಬಂದಿರಬೋದು, ಟೀಚರ್. ಬೇರೆ ತರಿಸಿ ಹಾಕ್ತೀನಿ.’

‘ಅದು ನಾಲ್ಕನೇದು ಆಗುತ್ತೆ. ಮೊದಲಿನ ಮೂರೂ ಕೆಟ್ಟಿದೆ ಅಂತ ನೋಡಿದ್ದು ಯಾರು?’

‘ನೋಡೋದೇನು ಬಂತು, ಶಬ್ದದಲ್ಲೇ ಗೊತ್ತಾಗುತ್ತೆ. ಮೂವತ್ತೈದು ವರ್ಷ ಪಳಗಿದ ಕಿವಿ ಇದು.’

‘ಅಳೆದ್ರಾ?’

ಅವರ ಕಣ್ಣು ಗೋಡೆಯ ಮೇಲಿದ್ದ ಗೇಜಿನ ಕಡೆ ಹೋಯಿತು. ಅದರ ಗಾಜಿನ ಮೇಲೆ ಧೂಳಿತ್ತು.

‘ನನ್ನ ಕ್ಲಾಸಲ್ಲಿ ಅಳತೆ ಮಾಡದೆ ಉತ್ತರ ಬರೆದ್ರೆ ಸೊನ್ನೆ ಹಾಕ್ತೀನಿ. ಉತ್ತರ ಸರಿ ಇದ್ರೂ ಸೊನ್ನೇನೇ. ನಿಮ್ಮ ಉತ್ತರ ಸರಿಯೂ ಇಲ್ಲ.’

ಅಷ್ಟು ವರ್ಷದಲ್ಲಿ ಯಾವ ಮ್ಯಾನೇಜರನೂ ನನ್ನನ್ನು ಹಾಗೆ ನೋಡಿರಲಿಲ್ಲ. ಇಲಿಯ ವಿಷಯಕ್ಕೆ ನಾನು ಇಸ್ತ್ರಿ ಅಂಗಿಯವನನ್ನು ನೋಡಿದ್ದು ಇದೇ ಕಣ್ಣಿನಿಂದ. ಅವನಾದರೂ ಪರದೆ ನೋಡಿ ಹೇಳಿದ್ದ. ನಾನು ಅದನ್ನೂ ನೋಡಿರಲಿಲ್ಲ.

ಗುದ್ದಿದ ಭಾಗ ರಿಪೇರಿಯಾದ ಮೇಲೆ ಅಳೆಯುವ ಕೆಲಸ ಶುರುವಾಯಿತು. ಗೇಜಿಗೆ ಉದ್ದ ಕೊಳವೆ ಹಾಕಿ, ಬಾನೆಟ್ ಸಂದಿಯಿಂದ ಹೊರಗೆ ತಂದು, ಮುಂದಿನ ಗಾಜಿನ ಹೊರಗೆ ವೈಪರ್ ಪಕ್ಕ ಕಟ್ಟಿದೆ. ಪೆಟ್ರೋಲ್ ಇರುವ ಕೊಳವೆಯನ್ನು ಯಾವ ಕಾರಣಕ್ಕೂ ಕಾರಿನೊಳಗೆ ತರಬಾರದು. ಇದನ್ನಾದರೂ ಓದುವವರು ನೆನಪಿಡಲಿ. ಪಂಪಿನ ಪ್ಲಗ್ಗಿನಿಂದ ಎರಡು ತಂತಿ ಎಳೆದು ಹಿಂದಿನ ಸೀಟಿನಲ್ಲಿ ಮಲ್ಟಿಮೀಟರ್ ಹಿಡಿದು ನಾನು ಕೂತೆ. ಓಡಿಸುವವನು ಪ್ರಕಾಶ್. ಗೇಜ್ ಓದಿ ನೋಟ್‌ಬುಕ್ಕಿನಲ್ಲಿ ಬರೆದಿಡಲು ಅವನ ಪಕ್ಕದಲ್ಲಿ ಕೌಸಲ್ಯ. ಟ್ಯಾಂಕ್ ತುಂಬಿಸಿಕೊಂಡು, ಬೆಳಿಗ್ಗೆ ವಾಹನ ಕಡಿಮೆ ಇರುವ ಹೊತ್ತಿಗೆ ಮಸಿನಗುಡಿ ಕಡೆಯಿಂದ ಹತ್ತಿದೆವು.

ಒಂದು ನೆಟ್ಟನೆಯ ಏರಿನಲ್ಲಿ ಪ್ರಕಾಶ್ ಪೂರ್ತಿ ಒತ್ತಿದ. ಕಾರು ಕೆಮ್ಮಿತು.

‘ಒತ್ತಡ ನಾಲ್ಕು ಬಾರ್ ಇರಬೇಕಾದ್ದು ಎರಡೂವರೆಗೆ ಬಂತು’ ಎಂದರು ಕೌಸಲ್ಯ. ‘ನಿಮ್ಮದು?’

ನನ್ನ ಮೀಟರಿನಲ್ಲಿ ಹದಿಮೂರೂವರೆ ವೋಲ್ಟ್ ಇರಬೇಕಾದ ಕಡೆ ಒಂಬತ್ತೂವರೆ. ನನಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. ಪಂಪಿಗೆ ಹೋಗುವ ತಂತಿ ಕಂಪನಿಯವರು ತಮ್ಮ ಚಿಕ್ಕ ಪಂಪಿಗೆಂದು ಹಾಕಿದ ಸಣ್ಣ ತಂತಿ. ದೊಡ್ಡ ಪಂಪು ಹೆಚ್ಚು ಕರೆಂಟ್ ಕೇಳುತ್ತದೆ, ಸಣ್ಣ ತಂತಿಗೆ ಕೊಡಲಾಗುವುದಿಲ್ಲ, ವೋಲ್ಟೇಜ್ ಕುಸಿಯುತ್ತದೆ, ಪಂಪು ಸೋಲುತ್ತದೆ. ಇನ್ನೂ ದೊಡ್ಡ ಪಂಪು ಹಾಕಿದರೆ ಇನ್ನೂ ಕುಸಿಯುತ್ತದೆ. ಮೂರು ಊರಿನ ಮೂವರು ಮೆಕ್ಯಾನಿಕ್‌ಗಳು ಒಬ್ಬರಾದ ಮೇಲೊಬ್ಬರು ಆ ಕಾರನ್ನು ಹೆಚ್ಚು ಹೆಚ್ಚು ಕೆಡಿಸಿದ್ದೆವು. ಸಾಲದ್ದಕ್ಕೆ, ಪಂಪಿನ ಅರ್ತ್ ತಂತಿಯನ್ನು ಕಾರಿನ ತಗಡಿಗೆ ಬಿಗಿದಿದ್ದ ಜಾಗದಲ್ಲಿ ಯಾವನೋ ಪುಣ್ಯಾತ್ಮ ಪೇಂಟ್ ಹೊಡೆದು, ಅದರ ಮೇಲೇ ಬೋಲ್ಟ್ ಬಿಗಿದಿದ್ದ.

ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದೆ. ಬುಡದಲ್ಲೇ ಫ್ಯೂಸ್, ಪಂಪಿನ ಹತ್ತಿರ ರಿಲೇ, ಅಂದರೆ ಸಣ್ಣ ಕರೆಂಟಿಗೆ ಆನ್ ಆಗಿ ದೊಡ್ಡ ಕರೆಂಟ್ ಬಿಡುವ ಸ್ವಿಚ್ಚು. ಹಳೆಯ ತಂತಿಯನ್ನು ಕಡಿಯದೆ ರಿಲೇ ಆನ್ ಮಾಡುವ ಕೆಲಸಕ್ಕಷ್ಟೇ ಇಟ್ಟುಕೊಂಡೆ. ಹಾಗಿದ್ದರೆ ಇಂಜಿನ್ ನಿಂತ ಕೂಡಲೇ ಪಂಪೂ ನಿಲ್ಲುತ್ತದೆ. ಅಪಘಾತವಾದರೆ ಪೆಟ್ರೋಲ್ ಸುರಿಯುತ್ತಿರುವುದಿಲ್ಲ. ಪೇಂಟ್ ಕೆರೆದು ಅರ್ತ್ ಬಿಗಿದೆ. ಮತ್ತೆ ಕಲ್ಲಟ್ಟಿಗೆ ಹೋದೆವು. ಈ ಸಲ ವೋಲ್ಟ್ ಅಲುಗಲಿಲ್ಲ, ಒತ್ತಡ ಇಳಿಯಲಿಲ್ಲ. ಕಾರು ಬಿಟ್ಟ ಬಾಣದಂತೆ ಹತ್ತಿತು. ಪ್ರಕಾಶ್ ಕೂಗಿಕೊಂಡ. ನಾನು ಕೊಯಮತ್ತೂರು, ಗೂಡಲೂರುಗಳನ್ನು ಮತ್ತೊಮ್ಮೆ ಬೈಯಲು ಶುರುಮಾಡಿದೆ.

ಕೌಸಲ್ಯ ನಗಲಿಲ್ಲ. ‘ಒಂದು ನಿಮಿಷ. ಈ ಕೆಮ್ಮು ಬರ್ತಿದ್ದದ್ದು ನೆಟ್ಟನೆ ಏರಲ್ಲಿ, ಪೂರ್ತಿ ಒತ್ತಿದಾಗ. ಅವತ್ತು ನಿಂತದ್ದು ತಿರುವಲ್ಲಿ, ನಿಧಾನವಾಗಿ ಹೋಗ್ತಿದ್ದಾಗ. ಎರಡೂ ಒಂದೇನಾ?’

‘ಒಂದೇ, ಟೀಚರ್’ ಎಂದೆ.

‘ಕೊಯಮತ್ತೂರಿನ ಪಂಪ್ ಇದ್ದಾಗ, ಗೂಡಲೂರಿನದಿದ್ದಾಗ, ತಿರುವಲ್ಲಿ ಒಂದು ಸಲಾನೂ ನಿಂತಿರಲಿಲ್ಲ. ಅವತ್ತು ಟ್ಯಾಂಕಲ್ಲಿ ಕಾಲು ಭಾಗಾನೂ ಇರಲಿಲ್ಲ. ಇವತ್ತು ಫುಲ್ ಇದೆ. ಪೆಟ್ರೋಲ್ ಇಳಿಸಿ ಇನ್ನೊಂದು ಸಲ ಹೋಗೋಣ.’

ಆ ಮಾತು ಮುಗಿಯುವಷ್ಟರಲ್ಲಿ ನನಗೆ ಎಲ್ಲ ಗೊತ್ತಾಗಿತ್ತು. ಆ ಗಳಿಗೆಯನ್ನು ಅಲಂಕರಿಸಿ ಬರೆಯಲು ನನಗೆ ಇಷ್ಟವಿಲ್ಲ. ನಾನು ಹೇಳಿದ್ದು ಇಷ್ಟು: ‘ಬೇಡ ಟೀಚರ್, ಗಾಡಿ ಸರಿಯಾಗಿದೆ.’

‘ಯಾಕೆ ಬೇಡ?’

ತಂತಿಯ ತಪ್ಪು ಸಿಕ್ಕಿತ್ತು, ಅದು ಬೇರೆಯವರ ತಪ್ಪು, ಎಲ್ಲರೂ ಸಂತೋಷವಾಗಿದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ಕಾರು ಆರು ತಿಂಗಳೋ ವರ್ಷವೋ ಓಡುತ್ತಿತ್ತು, ಟ್ಯಾಂಕು ಖಾಲಿಯಾಗುತ್ತಾ ಬಂದ ಇನ್ನೊಂದು ದಿನದವರೆಗೆ. ಹಿಂದೆ ಪಿಕಪ್ ಇರುವುದೋ ಬಸ್ ಇರುವುದೋ ಯಾರು ಬಲ್ಲರು? ಇಷ್ಟು ಯೋಚನೆ ಬಂದ ಮೇಲೂ ನಾನು ಬಾಯಿ ಬಿಡಲಿಲ್ಲ. ತಪ್ಪೊಪ್ಪಿಕೊಳ್ಳುವುದಕ್ಕಿಂತ ಗೇಜೇ ಹೇಳಲಿ ಎಂದು ಕಾದೆ. ಹೇಡಿತನ ಎಂದರೆ ಅದೇ.

ಮಾರನೆಯ ದಿನ ಪೆಟ್ರೋಲ್ ಇಳಿಸಿಕೊಂಡು ಹೋದೆವು. ಹಿಂದೆ ಯಾವ ವಾಹನವೂ ಇಲ್ಲದ್ದನ್ನು ನೋಡಿಕೊಂಡು, ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟೇ ಓಡಿಸು ಎಂದು ಪ್ರಕಾಶನಿಗೆ ಹೇಳಿದೆ. ಮೊದಲ ಎರಡು ತಿರುವು ದಾಟಿದೆವು. ಮೂರನೆಯದರಲ್ಲಿ ಕಾರು ವಾಲಿತು.

‘ಮೂರು’ ಎಂದರು ಕೌಸಲ್ಯ. ‘ಎರಡು. ಒಂದು. ಬಿದ್ದೇ ಹೋಯ್ತು.’

ಇಂಜಿನ್ ಒಮ್ಮೆ ನಡುಗಿ ನಿಂತಿತು. ಪ್ರಕಾಶ್ ಹ್ಯಾಂಡ್‌ಬ್ರೇಕ್ ಎಳೆದ. ಇಳಿದು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು.

‘ವೋಲ್ಟ್ ಎಷ್ಟಿತ್ತು?’ ಎಂದು ಕೇಳಿದರು ಕೌಸಲ್ಯ.

‘ಹದಿಮೂರೂವರೆ. ಅಲುಗಲಿಲ್ಲ.’

‘ಹಾಗಾದ್ರೆ ತಂತಿ ಅಲ್ಲ.’

‘ಅಲ್ಲ. ಟ್ಯಾಂಕಿನೊಳಗೆ ಒಂದು ಬಟ್ಟಲು ಇರುತ್ತೆ. ತಿರುವಲ್ಲಿ ಪೆಟ್ರೋಲ್ ಹಿಡಿದಿಡೋದು ಅದೇ. ನನ್ನ ಪಂಪ್ ಅದರಲ್ಲಿ ಕೂರಲಿಲ್ಲ. ಬಟ್ಟಲು ಕಡಿದೆ.’

ಪ್ರಕಾಶ್ ನನ್ನ ಕಡೆ ತಿರುಗಿದ. ‘ಗೊತ್ತಿದ್ದೇ ಕಡಿದ್ರಾ?’

‘ಗೊತ್ತಿತ್ತು.’

‘ನನ್ನ ಅಮ್ಮ ಹಿಂದಿನ ಸೀಟಲ್ಲಿದ್ಲು, ಮಾಲಿಂಗಣ್ಣ.’

ಅಷ್ಟು ಹೇಳಿ ಅವನು ರಸ್ತೆಯಲ್ಲಿ ಕೆಳಗೆ ನಡೆದುಕೊಂಡು ಹೋದ. ಮುಂದಿನ ತಿರುವಿನಲ್ಲಿ ಮರೆಯಾದ. ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ಕೌಸಲ್ಯ ನೋಟ್‌ಬುಕ್ಕನ್ನು ಬಾನೆಟ್ ಮೇಲಿಟ್ಟು ಎಡಗೈಯಲ್ಲಿ ನಿಧಾನವಾಗಿ ಬರೆಯುತ್ತಿದ್ದರು. ಏನು ಬರೆದರೆಂದು ಇಣುಕಿ ನೋಡಿದೆ: ‘ಬಟ್ಟಲು ಕತ್ತರಿಸಲಾಗಿದೆ.’ ಯಾರು ಕತ್ತರಿಸಿದರು ಎಂದು ಬರೆದಿರಲಿಲ್ಲ. ಅದನ್ನು ದಯೆ ಎಂದುಕೊಂಡೆ. ಆಮೇಲೆ ತಿಳಿಯಿತು, ಅದು ದಯೆಯಲ್ಲ. ಕಾರಿನ ತಪ್ಪು ಹುಡುಕುವ ಪುಸ್ತಕದಲ್ಲಿ ನನ್ನ ಹೆಸರಿಗೆ ಏನೂ ಕೆಲಸವಿರಲಿಲ್ಲ.

ಹೊಸ ಬಟ್ಟಲು ತರಿಸಿದೆ. ಅದರಲ್ಲಿ ಕತ್ತರಿಸದೆ, ಒತ್ತದೆ ಕೂರುವ ಪಂಪ್ ಯಾವುದೆಂದು ಹುಡುಕಿದರೆ, ಕೊಯಮತ್ತೂರಿನವನು ಮೊದಲು ಹಾಕಿದ್ದ ಪಂಪೇ! ಪ್ರಕಾಶ್ ಅದನ್ನು ಎಸೆಯದೆ ಡಬ್ಬದಲ್ಲಿಟ್ಟಿದ್ದ. ದಪ್ಪ ತಂತಿಯಿಂದ ಪೂರ್ತಿ ವೋಲ್ಟ್ ಕೊಟ್ಟು ಅಳೆದರೆ ಆ ಇಂಜಿನ್ನಿಗೆ ಬೇಕಾದಷ್ಟು ಪೆಟ್ರೋಲನ್ನು ಅದು ಆರಾಮವಾಗಿ ಕೊಟ್ಟಿತು. ನಾನು ನಕ್ಕು ಬೈದ ಲ್ಯಾಪ್‌ಟಾಪಿನವನು ಪಂಪಿನ ಮಟ್ಟಿಗೆ ಸರಿಯಾಗಿಯೇ ಹೇಳಿದ್ದ. ತಂತಿಯನ್ನು ಮಾತ್ರ ನೋಡಿರಲಿಲ್ಲ. ತುಂಬಿದ ಟ್ಯಾಂಕಿನಲ್ಲೂ ಕಾಲು ಟ್ಯಾಂಕಿನಲ್ಲೂ ಮೂವತ್ತಾರು ತಿರುವು ಹತ್ತಿಸಿದೆವು. ಗೇಜಿನ ಮುಳ್ಳು ಎಲ್ಲಿಯೂ ಬೀಳಲಿಲ್ಲ. ಆ ಎರಡು ಓಟಗಳಲ್ಲಿ ಪ್ರಕಾಶ್ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಇವತ್ತಿಗೂ ಆಡುವುದಿಲ್ಲ. ಮದುವೆಮನೆಗಳಲ್ಲಿ ಎದುರಾದರೆ ಮುಖ ತಿರುಗಿಸುತ್ತಾನೆ. ಕೆತ್ತಿಯಲ್ಲೆಲ್ಲ ಹೇಳಿಕೊಂಡು ಬಂದ. ಆ ಕಡೆಯ ಗಿರಾಕಿಗಳು ನಿಂತುಹೋದರು. ಅವನು ಹೇಳಿದ್ದು ನಿಜವಾದ್ದರಿಂದ ನಾನು ಯಾರ ಹತ್ತಿರವೂ ದೂರಲಿಲ್ಲ. ಕಿವಿ ಕೊಟ್ಟು ಪಂಪ್ ಪರೀಕ್ಷಿಸುವವರನ್ನು ಕಂಡರೆ ನನಗೆ ಈಗಲೂ ತಿರಸ್ಕಾರವೇ. ಮೊದಲಿನಷ್ಟು ಜೋರಾಗಿ ಮಾತ್ರ ನಗುವುದಿಲ್ಲ.

ಶೆಡ್ ಮುಚ್ಚುವುದಕ್ಕೆ ಕೆಲವು ವಾರ ಮೊದಲು ಕೌಸಲ್ಯ ಒಬ್ಬರೇ ತಮ್ಮ ತಂದೆಯ ಹಳೆಯ ಜೀಪ್ ಓಡಿಸಿಕೊಂಡು ಬಂದರು. ಕೈ ಕೂಡಿಕೊಂಡಿತ್ತು, ಸ್ಟಿಯರಿಂಗ್ ತಿರುಗಿಸುವಾಗ ಇನ್ನೂ ಕೊಂಚ ನೋಯುತ್ತದೆ ಎಂದರು. ಜೀಪ್ ಏರಿನಲ್ಲಿ ಎಳೆಯುತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ‘ಊಟಿಯಲ್ಲಿ ಇಷ್ಟು ಜನ ಇದ್ದಾರೆ, ಟೀಚರ್. ನನ್ನ ಹತ್ರ ಯಾಕೆ ಬಂದ್ರಿ?’

‘ಬೇರೆಯವರು ಏನೇನು ಕಡಿದಿದ್ದಾರೆ ಅಂತ ನನಗೆ ಗೊತ್ತಿಲ್ಲ’ ಎಂದರು. ‘ನಿಂಗ ಏನು ಕಡಿದ್ರಿ ಅಂತ ಗೊತ್ತು.’

ಕೀ ಕೊಟ್ಟರು. ಆದರೆ ಹೋಗಲಿಲ್ಲ. ಸ್ಟೂಲ್ ಎಳೆದುಕೊಂಡು ಜೀಪಿನ ಪಕ್ಕದಲ್ಲೇ, ನನ್ನ ಕೈ ಕಾಣುವ ಹಾಗೆ ಕೂತರು.